ಎದುರು ಗೋಡೆಯ ಮೊಳೆ

ಗುಜರಿ ಅಂಗಡಿಯ ಸುತ್ತಿಗೆ ಹಳೆಯ ಉಕ್ಕಿನ ತಗಡೊಂದನ್ನು ಬಡಿದು ಕುಡುಗೋಲು ಮಾಡಲು ಎದ್ದು ನಿಂತಿತು.

"ನಿಲ್ಲಪ್ಪ!" ಎಂದಿತು ತಗಡು. "ನನ್ನ ಮೈಮೇಲೆ ಶ್ರೀರಂಗಪಟ್ಟಣವನ್ನು ಕೊರೆದಿದ್ದಾರೆ. ಗೋಡೆಯ ಮೇಲಿನ ಆ ಚಿತ್ರ ನನ್ನಿಂದಲೇ ಅಚ್ಚಾದದ್ದು. ಬೇಕಾದರೆ ಅದನ್ನೇ ಕೇಳು."

ಚಿತ್ರ ಬಗ್ಗಿ ನೋಡಿ ನಕ್ಕಿತು. "ಯಾರಜ್ಜಿ ನೀನು? ನನ್ನ ಊರಲ್ಲಿ ಹೊಳೆ ಎಡಕ್ಕೆ, ಕೋಟೆ ಬಲಕ್ಕೆ. ನಿನ್ನಲ್ಲಿ ಎಲ್ಲವೂ ತಿರುವುಮುರುವು. ನೀನು ಆ ಊರನ್ನು ಕಂಡೇ ಇಲ್ಲ!"

"ಸಾಕ್ಷಿಯೇ ಕೈಬಿಟ್ಟಿತಲ್ಲ," ಎಂದು ಸುತ್ತಿಗೆ ಮೇಲೆದ್ದಿತು.

"ಮಗು," ಎಂದಿತು ತಗಡು ಚಿತ್ರಕ್ಕೆ, "ನಿನ್ನನ್ನು ನನ್ನೆದೆಗೆ ಒತ್ತಿ ಅಚ್ಚು ಮಾಡಿದರು. ಎದೆಗೆ ಎದೆ ಕೊಟ್ಟವರಿಗೆ ಎಡ ಬಲವಾಗಿಯೇ ಇರುತ್ತದೆ. ಒಂದೇ ಒಂದು ಸಲ ನನ್ನ ಮೇಲೆ ಒರಗಿ ನೋಡು!"

ಅಜ್ಜಿಯ ಸುಳ್ಳನ್ನು ಬಯಲು ಮಾಡುವ ಹಟದಿಂದ ಚಿತ್ರ ಮೊಳೆ ಬಿಟ್ಟು ಹಾರಿ, ತಗಡಿನ ಮೇಲೆ ಬೋರಲು ಬಿದ್ದಿತು. ಹೊಳೆಯ ಮೇಲೆ ಹೊಳೆ ಕೂತಿತು, ಕೋಟೆಯ ಮೇಲೆ ಕೋಟೆ. ಕಾಗದದ ಗೆರೆ ಗೆರೆಯೂ ಉಕ್ಕಿನ ಗೀರಿನೊಳಗೆ ಇಳಿಯಿತು.

"ಅಮ್ಮಾ!" ಎಂದು ಚಿತ್ರ ಕಿರುಚಿತು. "ಸುತ್ತಿಗೆಯಣ್ಣ, ಹೊಡೆಯುವುದಾದರೆ ಮೊದಲು ನನ್ನನ್ನು ಹೊಡಿ!"

ಎತ್ತಿದ ಸುತ್ತಿಗೆ ಸುಮ್ಮನೆ ಇಳಿಯಲಾರದು. ಅದು ಓಡಿಹೋಗಿ, ತಗಡನ್ನು ಚಿತ್ರಕ್ಕೆ ಮುಖಾಮುಖಿಯಾಗಿ ತೂಗುಹಾಕಲು ಎದುರು ಗೋಡೆಗೆ ಹೊಸ ಮೊಳೆಯೊಂದನ್ನು ಹೊಡೆಯಿತು.