ಎರಡು ಟೈರುಗಳ ನಡುವೆ ಎಂಟು ದಿನ

ಅಡಿವೆಪ್ಪನೆಂಬ ಶಿಷ್ಯ ಒಂದು ದಿನ ಗುರುಗಳನ್ನು ಕೇಳಿದ:

"ನಾನು ಮೂವರು ಹಿರಿಯರ ಬಳಿ ಹೋಗಿ ಬಂದೆ. ಒಬ್ಬರು ಮೌನವಾಗಿರು ಎಂದರು. ಇನ್ನೊಬ್ಬರು ದಿನವಿಡೀ ನಾಮ ಹೇಳು ಎಂದರು. ಮತ್ತೊಬ್ಬರು ಎರಡೂ ಬೇಡ, ಸುಮ್ಮನೆ ದುಡಿ ಎಂದರು. ಮೂವರೂ ದೊಡ್ಡವರು, ಮೂವರ ಮಾತೂ ನಿಜವೆನಿಸುತ್ತದೆ. ವರ್ಷವಾಯಿತು, ನಾನು ಯಾವುದನ್ನೂ ಮಾಡಿಲ್ಲ. ಯಾವುದನ್ನು ಹಿಡಿಯಲಿ? ನೀವೇ ಹೇಳಿಬಿಡಿ."

ಗುರುಗಳು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಆಮೇಲೆ ಈ ಕತೆ ಹೇಳಿದರು.

ಒಂದು ಗುಡ್ಡದ ಬುಡದಲ್ಲಿ ಒಬ್ಬ ದಾದಿ ಇದ್ದಳು. ಗುಡ್ಡದ ಮೇಲೆ ಒಂದು ಹಟ್ಟಿ. ವಾರಕ್ಕೊಮ್ಮೆ ಅಲ್ಲಿಗೆ ಹೋಗಿ ಬಸುರಿಯರನ್ನೂ ಎಳೆಮಕ್ಕಳನ್ನೂ ನೋಡಿ ಬರುವುದು ಅವಳ ಕೆಲಸ. ಅದು ಬಸ್ಸು ಹೋಗುವ ದಾರಿಯಲ್ಲ. ಗುಡ್ಡ ಹತ್ತಲೆಂದೇ ಮಾಡಿದ ಗೇರಿನ ಸೈಕಲ್ಲೊಂದು ಅವಳ ಬಳಿ ಇತ್ತು.

ಆ ಸೀಮೆಯಲ್ಲಿ ಚಳಿಗಾಲದಲ್ಲೂ ಮಳೆ ಬರುತ್ತದೆ. ಬಿಸಿಲು ಸಾಲದು, ಕೆಸರು ಒಣಗುವುದಿಲ್ಲ. ಹಿಂದಿನ ಚಳಿಗಾಲದಲ್ಲಿ ಇಳಿಜಾರಿನಲ್ಲಿ ಚಕ್ರ ಜಾರಿ ಅವಳು ಬಿದ್ದಿದ್ದಳು. ತಲೆ ದಾರಿ ಬದಿಯ ಕಲ್ಲಿಗೆ ಬಡಿದಿತ್ತು. ಎರಡು ದಿನ ಒಡಹುಟ್ಟಿದ ತಮ್ಮನ ಹೆಸರೇ ಅವಳಿಗೆ ನೆನಪಾಗಲಿಲ್ಲ. ಆದ್ದರಿಂದ ಈ ಸಲ ಚಳಿ ಶುರುವಾಗುತ್ತಲೇ ಸೈಕಲ್ಲನ್ನು ಪೇಟೆಯ ಅಂಗಡಿಗೆ ತಂದಳು. ಕೆಸರಿಗೆ ಒಪ್ಪುವ ಟೈರು ಬೇಕು, ತಲೆಗೊಂದು ಹೆಲ್ಮೆಟ್ಟು ಬೇಕು ಎಂದಳು. ಅದು ಬುದ್ಧಿವಂತರು ಮಾಡುವ ಕೆಲಸ. ಅದರಲ್ಲಿ ಅವಳ ತಪ್ಪೇನೂ ಇರಲಿಲ್ಲ.

ಅಂಗಡಿಯವನು ಅಗಲವಾದ ಟೈರು ತೋರಿಸಿದ. ಗಾಳಿ ಕಡಿಮೆ ಹಾಕಿದರೆ ಅದು ನೆಲದ ಮೇಲೆ ಹರಡಿ ಕೂರುತ್ತದೆ, ಎಲ್ಲಿಯೂ ಹಿಡಿತ ಬಿಡುವುದಿಲ್ಲ ಎಂದ. ಅವನು ಸುಳ್ಳು ಹೇಳಲಿಲ್ಲ. ಇಪ್ಪತ್ತು ವರ್ಷ ಅದನ್ನೇ ಮಾರಿದ್ದ, ಕೊಂಡವರು ಬಂದು ಹೊಗಳಿದ್ದರು. ದಾದಿ ಅದನ್ನೇ ಹಾಕಿಸಿಕೊಂಡಳು.

ಅಂಗಡಿಯ ಬಾಗಿಲಲ್ಲಿ ಪಂದ್ಯಗಳಲ್ಲಿ ಸೈಕಲ್ ಓಡಿಸುವ ಸವಾರನೊಬ್ಬ ನಿಂತಿದ್ದ. ಅವನು ಟೈರು ನೋಡಿ ಬೇಡವೆಂದು ತಲೆಯಾಡಿಸಿದ. ಅಗಲವಾದದ್ದಕ್ಕೆ ಕೆಸರು ಮೆತ್ತಿಕೊಂಡು ಚಕ್ರವೇ ತಿರುಗದಂತಾಗುತ್ತದೆ ಎಂದ. ಟೈರು ಕಿರಿದಾಗಿರಬೇಕು, ಅದರ ರಬ್ಬರಿನ ಹಲ್ಲುಗಳು ಉದ್ದವಾಗಿ ದೂರದೂರ ಇರಬೇಕು, ಆಗ ಅದು ಕೆಸರನ್ನು ಸೀಳಿ ಅಡಿಯ ಗಟ್ಟಿ ನೆಲವನ್ನು ಹಿಡಿಯುತ್ತದೆ ಎಂದ. ಅವನೂ ಸುಳ್ಳು ಹೇಳಲಿಲ್ಲ. ಅಂಥ ಟೈರಿನಲ್ಲೇ ಅವನು ಪಂದ್ಯಗಳನ್ನು ಗೆದ್ದಿದ್ದ.

ದಾದಿ ಒಳಗೆ ಹೋಗಿ ಟೈರು ಬದಲಿಸಿದಳು.

ಮರುದಿನ ಅಂಗಡಿಯವನು, ಒದ್ದೆ ಬಂಡೆ ಸಿಕ್ಕರೆ ಕಿರಿದು ನಿಲ್ಲುವುದಿಲ್ಲ ಎಂದ. ಅವಳು ಮತ್ತೆ ಅಗಲವಾದದ್ದನ್ನು ಹಾಕಿಸಿದಳು. ಅದರ ಮರುದಿನ ಯಾರೋ, ಮುಂದೆ ಕಿರಿದು, ಹಿಂದೆ ಅಗಲ ಇರಲಿ ಎಂದರು. ಇನ್ನೊಬ್ಬರು ಅದು ತಿರುಗುಮುರುಗಾಯಿತು ಎಂದರು. ಗಾಳಿ ಎಷ್ಟು ಎಂಬುದಕ್ಕೆ ಐದು ಜನ ಐದು ಲೆಕ್ಕ ಹೇಳಿದರು. ಅವಳು ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದುಕೊಂಡಳು. ಬರೆದದ್ದನ್ನು ಓದಿದರೆ ಪ್ರತಿಯೊಂದು ಸಾಲೂ ಸರಿಯೆನಿಸುತ್ತಿತ್ತು. ಪುಸ್ತಕ ಮುಚ್ಚಿದರೆ ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ.

ಹೆಲ್ಮೆಟ್ಟಿನದೂ ಅದೇ ಪಾಡಾಯಿತು. ಗಾಳಿಕಿಂಡಿ ಹೆಚ್ಚಿರುವುದು ಹಗುರ ಎಂದು ಒಬ್ಬರು, ಗದ್ದವನ್ನೂ ಮುಚ್ಚುವುದೇ ಕ್ಷೇಮ ಎಂದು ಮತ್ತೊಬ್ಬರು. ಯಾವುದನ್ನು ಹಾಕಿಕೊಂಡರೂ ಅದು ಹಣೆಯ ಮೇಲೆ ಜಾರುತ್ತಿತ್ತು. ಅವಳ ತುರುಬು ಅದನ್ನು ಹಿಂದಿನಿಂದ ತಳ್ಳುತ್ತಿದೆ ಎಂಬುದು ಅಲ್ಲಿ ಯಾರಿಗೂ ಹೊಳೆಯಲಿಲ್ಲ. ಸಲಹೆ ಕೊಟ್ಟವರು ಯಾರೂ ತುರುಬು ಕಟ್ಟುವವರಲ್ಲ.

ಹೀಗೆ ಎಂಟು ದಿನ ಕಳೆಯಿತು. ಹಟ್ಟಿಗೆ ಹೋಗಬೇಕಾಗಿದ್ದ ದಿನ ನಡುವೆಯೇ ದಾಟಿಹೋಯಿತು. ಟೈರು ಒಂದು ನಿರ್ಧಾರವಾಗಲಿ, ನಾಳೆ ಹೋದರಾಯಿತು ಎಂದುಕೊಂಡಿದ್ದಳು.

ಎಂಟನೆಯ ದಿನ ಬೆಳಿಗ್ಗೆ ಹಟ್ಟಿಯ ಮುದುಕಿಯೊಬ್ಬಳು ಅವಳನ್ನು ಹುಡುಕಿಕೊಂಡು ಅಂಗಡಿಗೇ ಬಂದಳು. ಗುಡ್ಡದಿಂದ ನಡೆದೇ ಇಳಿದಿದ್ದಳು. ಮೊಣಕಾಲಿನವರೆಗೆ ಕೆಸರಾಗಿತ್ತು.

"ನರ್ಸಮ್ಮ, ನೀನು ಬರುತ್ತೀಯೆಂದು ದಾರಿ ನೋಡಿದೆವು," ಎಂದಳು ಮುದುಕಿ. "ಸೊಸೆಗೆ ಏಳು ತಿಂಗಳು. ಮುಖ, ಕೈ ಎಲ್ಲ ಊದಿಕೊಂಡಿದೆ. ತಲೆ ಸಿಡಿಯುತ್ತದೆ, ಕಣ್ಣು ಮಂಜು ಎನ್ನುತ್ತಾಳೆ."

"ಬರಬೇಕೆಂದೇ ಇದ್ದೆ, ಅಜ್ಜಿ. ಟೈರು..." ಎಂದಳು ದಾದಿ. ಮುಂದೆ ಹೇಳಲು ಅವಳಿಗೆ ನಾಚಿಕೆಯಾಯಿತು.

ಸೈಕಲ್ಲಿನ ಎರಡೂ ಚಕ್ರ ಬಿಚ್ಚಿ ಗೋಡೆಗೆ ಒರಗಿಸಿದ್ದರು. ದಾದಿ ಚೀಲ ಹೆಗಲಿಗೆ ಹಾಕಿಕೊಂಡು ಮುದುಕಿಯ ಹಿಂದೆ ನಡೆದಳು.

ಅಷ್ಟು ವರ್ಷಗಳಲ್ಲಿ ಅವಳು ಆ ದಾರಿಯನ್ನು ನಡೆದು ಹತ್ತಿದ್ದು ಅದೇ ಮೊದಲು. ಕೆಸರು ಕಲಸಿದ ಹಿಟ್ಟಿನಂತೆ ಕಾಲಿಗೆ ಅಂಟುತ್ತಿತ್ತು. ಮುದುಕಿ ಹೆಜ್ಜೆಯನ್ನು ಕಿರಿದಾಗಿ ಊರಿ, ಅಡಿಯ ಗಟ್ಟಿ ನೆಲ ತಾಗಿದ ಮೇಲೆಯೇ ಮುಂದಿನ ಹೆಜ್ಜೆ ಎತ್ತುತ್ತಿದ್ದಳು. ದಾರಿಯುದ್ದಕ್ಕೂ ಹಾಗೆಯೇ ಇತ್ತು. ಅಂಗಡಿಯವನು ಹೇಳಿದ ಒದ್ದೆ ಬಂಡೆ ಒಂದೂ ಅವಳ ಕಾಲಿಗೆ ಸಿಗಲಿಲ್ಲ. ಈ ದಾರಿಗೆ ಕಿರಿದಾದ ಟೈರೇ ಸರಿ ಎಂಬುದು ಅವಳಿಗೆ ತಾನಾಗಿಯೇ ತಿಳಿಯಿತು. ಆಗ ಅದು ತಿಳಿದದ್ದರಿಂದ ಸಂತೋಷವೇನೂ ಆಗಲಿಲ್ಲ.

ಹಟ್ಟಿಯ ಗಂಡಸರು ಸೊಸೆಯನ್ನು ಕಂಬಳಿಯ ಜೋಲಿಯಲ್ಲಿ ಹೊತ್ತು ಇಳಿಸಿದರು. ಕೆಳಗಿನಿಂದ ಜೀಪಿನಲ್ಲಿ ಆಸ್ಪತ್ರೆಗೆ ಒಯ್ದರು. ತಾಯಿ ಉಳಿದಳು. ಮಗು ಉಳಿಯಲಿಲ್ಲ. ನಾಲ್ಕು ದಿನ ಮೊದಲು ಬಂದಿದ್ದರೆ ನೋಡಬಹುದಿತ್ತು ಎಂದರು ವೈದ್ಯರು. ಮುದುಕಿ ದಾದಿಯನ್ನು ಬೈಯಲಿಲ್ಲ. ಸೊಸೆಯಾದರೂ ಉಳಿದಳಲ್ಲ ಎಂದು ಅವಳ ಕೈ ಹಿಡಿದುಕೊಂಡಳು. ಬೈದಿದ್ದರೆ ದಾದಿಗೆ ಸಹಿಸುವುದು ಸುಲಭವಾಗುತ್ತಿತ್ತು.

ಮರುದಿನ ಅವಳು ಅಂಗಡಿಗೆ ಹೋಗಿ ಯಾರನ್ನೂ ಕೇಳದೆ ಕಿರಿದಾದ ಟೈರು ಹಾಕಿಸಿದಳು. ಹೆಲ್ಮೆಟ್ಟುಗಳನ್ನು ಒಂದೊಂದಾಗಿ ಹಾಕಿ ತಲೆ ಅಲ್ಲಾಡಿಸಿ ನೋಡಿದಳು. ಕೊನೆಗೆ ತುರುಬು ಬಿಚ್ಚಿ ಜಡೆ ಹಾಕಿಕೊಂಡಳು. ಆಗ ಒಂದು ಸರಿಯಾಗಿ ಕೂತಿತು. ಆ ಚಳಿಗಾಲವೆಲ್ಲ ಒಂದು ವಾರವೂ ತಪ್ಪದೆ ಗುಡ್ಡ ಹತ್ತಿದಳು. ಒಮ್ಮೆಯೂ ಬೀಳಲಿಲ್ಲ.

ಮುಂದಿನ ವರ್ಷ ಗುಡ್ಡದ ಆಚೆಯ ಮಗ್ಗುಲಿಗೆ ಒಬ್ಬ ಹೊಸ ದಾದಿ ಬಂದಳು. ಚಿಕ್ಕ ವಯಸ್ಸು. ಚಳಿಗಾಲದ ಮಳೆ ಹಿಡಿದಾಗ ಅವಳು ಈ ದಾದಿಯ ಮನೆಗೆ ಬಂದಳು.

"ಅಕ್ಕಾ, ಟೈರಿನ ವಿಷಯ ನಾಲ್ಕು ಜನರನ್ನು ಕೇಳಿದೆ. ನಾಲ್ಕು ಥರ ಹೇಳಿದರು. ತಲೆ ಕೆಟ್ಟುಹೋಗಿದೆ. ಯಾವುದು ಹಾಕಲಿ?"

ದಾದಿಗೆ ಆಸ್ಪತ್ರೆಯ ಆ ದಿನ ನೆನಪಾಯಿತು. ಇವಳೂ ತನ್ನಂತೆ ದಿನ ಕಳೆಯಬಾರದು, ಇನ್ನೊಂದು ಮನೆಯಲ್ಲಿ ಹಾಗಾಗಬಾರದು ಎಂದುಕೊಂಡಳು. ಒಂದು ಗಳಿಗೆಯೂ ಯೋಚಿಸಲಿಲ್ಲ.

"ಕಿರಿದಾದದ್ದು. ಇವತ್ತೇ ಹಾಕಿಸು. ಇನ್ನು ಯಾರನ್ನೂ ಕೇಳಬೇಡ."

"ಹೆಲ್ಮೆಟ್ಟು?"

"ಅದನ್ನು ನಾನು ಹೇಗೆ ಹೇಳಲಿ? ತಲೆ ನಿನ್ನದು. ಹಾಕಿಕೊಂಡು ಅಲ್ಲಾಡಿಸಿ ನೋಡು. ಜಾರಲೂ ಬಾರದು, ಒತ್ತಲೂ ಬಾರದು."

ಹೊಸ ದಾದಿಗೆ ಎದೆಯ ಭಾರ ಇಳಿದಂತಾಯಿತು. ಅಂದೇ ಕಿರಿದಾದ ಟೈರು ಹಾಕಿಸಿದಳು. ಹೆಲ್ಮೆಟ್ಟನ್ನು ಅರ್ಧ ದಿನ ಕೂತು ಆರಿಸಿದಳು.

ಗುಡ್ಡದ ಆಚೆಯ ಮಗ್ಗುಲಲ್ಲಿ ಕೆಸರು ತೆಳ್ಳಗಿತ್ತು. ಅದರ ಅಡಿಯಲ್ಲಿ ದಾರಿಯುದ್ದಕ್ಕೂ ಬಂಡೆ ಮತ್ತು ಮರದ ಬೇರು. ಉದ್ದ ಹಲ್ಲುಗಳಿಗೆ ಅಲ್ಲಿ ಸೀಳಲು ಏನೂ ಇರಲಿಲ್ಲ. ಮೂರನೆಯ ದಿನ ಒದ್ದೆ ಬಂಡೆಯ ಮೇಲೆ ಚಕ್ರ ಜಾರಿ ಅವಳು ಕೆಳಗೆ ಉರುಳಿದಳು. ಹೆಲ್ಮೆಟ್ಟು ಎರಡು ಹೋಳಾಯಿತು, ತಲೆಗೆ ಏನೂ ಆಗಲಿಲ್ಲ. ತೊಡೆಯ ಮೂಳೆ ಮುರಿಯಿತು. ಅವಳ ಹಟ್ಟಿಗಳಿಗೆ ಆ ಚಳಿಗಾಲ ಯಾವ ದಾದಿಯೂ ಹೋಗಲಿಲ್ಲ.

ಮೊದಲ ದಾದಿ ಆಸ್ಪತ್ರೆಗೆ ಓಡಿ ಬಂದು ಅವಳ ಹಾಸಿಗೆಯ ಪಕ್ಕ ಕೂತಳು. ಹುಡುಗಿ ಸಿಟ್ಟಾಗಲಿಲ್ಲ. ಸುಮ್ಮನೆ ಅವಳ ಮುಖ ನೋಡಿ, "ನೀವು ಹೇಳಿದ್ದನ್ನೇ ಹಾಕಿದ್ದೆನಲ್ಲ, ಅಕ್ಕಾ," ಎಂದಳು. ದಾದಿ ಜಾರಿದ್ದ ಹೊದಿಕೆಯನ್ನು ಸರಿಮಾಡಿದಳು. ತಾನು ಹೇಳಿದ್ದು ಸುಳ್ಳಲ್ಲ. ಒಳ್ಳೆಯದಾಗಲೆಂದೇ ಹೇಳಿದ್ದು. ಅವಳಿಗೆ ಅಷ್ಟು ಮಾತ್ರ ಗೊತ್ತಿತ್ತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಅಡಿವೆಪ್ಪ ಹೇಳಿದ: "ಗುರುಗಳೇ, ಅವಳು ಮೊದಲು ತಡಮಾಡಿದ್ದರಿಂದ ಒಂದು ಮಗು ಹೋಯಿತು. ಆಮೇಲೆ ತಡಮಾಡದೆ ಹೇಳಿದ್ದರಿಂದ ಇನ್ನೊಬ್ಬಳು ಬಿದ್ದಳು. ನನಗೆ ಬಂದಾಗ ಇದ್ದದ್ದಕ್ಕಿಂತ ಹೆಚ್ಚು ಗೊಂದಲವಾಗಿದೆ. ಮೌನವೋ, ನಾಮವೋ, ದುಡಿಮೆಯೋ, ದಯವಿಟ್ಟು ಒಂದೇ ಮಾತಿನಲ್ಲಿ ಹೇಳಿ."

"ಆ ದಾದಿ ಟೈರಿನ ಬಗ್ಗೆ ಕೊಟ್ಟಂಥ ಒಂದು ಮಾತಿನ ಉತ್ತರ ನನ್ನ ಬಳಿಯೂ ಇದೆ, ಅಡಿವೆಪ್ಪ, ಕೊಡಲೇ?" ಎಂದರು ಗುರುಗಳು.

ಅಡಿವೆಪ್ಪ ಬೇಡವೆಂದು ತಲೆಯಾಡಿಸಿ, ಮೂರರಲ್ಲಿ ಒಂದನ್ನು ತಾನೇ ಮಾಡಿ ನೋಡಲು ಎದ್ದ.