ನುಣುಪಾದ ಬೀಸುಕಲ್ಲು

"ಎಷ್ಟು ಹೇಳಿದರೂ ಕೆಲಸ ಸಾಗದವರನ್ನು ಇಟ್ಟುಕೊಂಡು ಏನು ಮಾಡುವುದು, ಅವ್ವಾ?" ಎಂದು ಶಿಷ್ಯ ಕೇಳಿದ.

ಮಠದ ಅಡುಗೆಮನೆಯ ಹೊಣೆ ಅವನದು. ಆ ವರ್ಷ ಆಗಲೇ ಒಬ್ಬ ಆಳನ್ನು ಬಿಡಿಸಿದ್ದ. ಇನ್ನೊಬ್ಬನನ್ನು ಬಿಡಿಸುವ ಯೋಚನೆಯಲ್ಲಿದ್ದ. ಅವ್ವ ಆ ಮಠದ ಗುರು, ಊರೂರು ತಿರುಗಿ ಬಂದವರು. ಅವರು "ಕೂತುಕೋ" ಎಂದು ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ರೈತನ ಹೆಂಡತಿಯಿದ್ದಳು. ಕೋಳಿ ಕೂಗುವ ಹೊತ್ತಿಗೆ ಬೀಸಲು ಕೂತರೆ, ಬೆಳಕು ಹರಿಯುವಷ್ಟರಲ್ಲಿ ಮನೆಮಂದಿಗೆಲ್ಲ ಸಾಲುವಷ್ಟು ಜೋಳದ ಹಿಟ್ಟು ಬೀಳುತ್ತಿತ್ತು. ಅವಳ ಕೈಗೆ ಓಣಿಯಲ್ಲಿ ಹೆಸರಿತ್ತು. ಆ ಹೆಸರು ಅವಳಿಗೂ ಹಿಡಿಸಿತ್ತು. ಕಲ್ಲು ಸವೆದಾಗ ಉಳಿಯಿಂದ ಕುಟ್ಟಿಸುವುದು ಗಂಡನ ಪಾಲಿನ ಕೆಲಸ. ಗಂಡ ತೀರಿಕೊಂಡ, ಆ ಕೆಲಸವೂ ಅವನ ಜೊತೆಗೇ ಹೋಯಿತು. ಯಾರೂ ಗಮನಿಸಲಿಲ್ಲ.

ವರ್ಷಗಳು ಕಳೆದವು. ಬೀಸಿ ಏಳುವುದು ತಡವಾಗತೊಡಗಿತು. ಬಿಸಿಲು ಹೊಸ್ತಿಲಿಗೆ ಬಂದರೂ ಮುಗಿಯದು. ಭುಜ ಸೋತಿತು, ಹಿಟ್ಟು ತರಿಯಾಯಿತು. ವಯಸ್ಸಾಯಿತು ಅಂದುಕೊಂಡಳು. ಅದನ್ನು ಯಾರೊಂದಿಗೂ ಹೇಳಿಕೊಳ್ಳದೆ, ಮಗನಿಗೆ ಬೇಗನೆ ಮದುವೆ ಮಾಡಿದಳು. ಮನೆಗೆ ಸೊಸೆ ಬೇಕೆಂದಲ್ಲ. ಕಲ್ಲಿಗೆ ಎರಡು ತೋಳು ಬೇಕಿತ್ತು.

ಸೊಸೆ ಬಂದಳು, ಕೂತಳು, ಬೀಸಿದಳು. ಬಿಸಿಲೇರಿತು. ಆ ಹಿಟ್ಟಿನಲ್ಲಿ ರೊಟ್ಟಿ ತಟ್ಟಿದರೆ ಅಂಚು ಬಿರಿಯುತ್ತಿತ್ತು.

"ಅತ್ತೀ, ಕಲ್ಲು ಜಾರತೈತ್ರಿ" ಎಂದು ಒಮ್ಮೆ ಹೇಳಿದಳು.

"ಕಲ್ಲು ಜಾರಂಗಿಲ್ಲವ್ವ, ಕೆಲಸಗಳ್ಳ ಮೈ ಜಾರತೈತಿ. ಇದ ಕಲ್ಲಿನ ಮ್ಯಾಲೆ ನಾ ಈ ಮನಿ ಸಾಕೀನಿ."

ವರ್ಷ ತುಂಬುವುದರೊಳಗೆ ಆ ಹುಡುಗಿಯನ್ನು ತವರಿಗೆ ಕಳಿಸಿದರು. ಮೈಗಳ್ಳಿ ಎಂಬ ಹೆಸರು ಅವಳಿಗಿಂತ ಮೊದಲೇ ಅಲ್ಲಿ ಹೋಗಿ ಕೂತಿತ್ತು. ಅಣ್ಣಂದಿರ ಮನೆಯಲ್ಲಿ ಎಲ್ಲರೂ ಉಂಡು ಉಳಿದದ್ದನ್ನು ಉಂಡು ದಿನ ತೆಗೆದಳು.

ಎರಡನೆಯವಳನ್ನು ತೋಳು ನೋಡಿಯೇ ತಂದರು. ಬಾವಿ ತೋಡುವವನ ಮಗಳು. ಮಣ್ಣು ಕಲ್ಲು ಹೊತ್ತು ಬೆಳೆದವಳು. ಅವಳು ದೂರು ಹೇಳಲಿಲ್ಲ. ಕೋಳಿಗಿಂತ ಮೊದಲೇ ಎದ್ದಳು. ಅಂಗೈಯ ಬೊಬ್ಬೆ ಒಡೆದಾಗ ಕಲ್ಲಿನ ಗೂಟಕ್ಕೆ ಬಟ್ಟೆ ಸುತ್ತಿಕೊಂಡು ಬೀಸಿದಳು. ಆದರೂ ಬಿಸಿಲೇ ಗೆದ್ದಿತು. ಇವಳನ್ನೂ ತವರಿಗೆ ಬಿಟ್ಟು ಬಾ ಎಂದು ಅತ್ತೆ ಮಗನಿಗೆ ಹೇಳಿದಳು. ಒಂದು ಬೆಳಗ್ಗೆ ಮಗ ಗಾಡಿ ಹೂಡಲು ಹೋದ. ಸೊಸೆ ಹಿತ್ತಲಲ್ಲಿ ಒಣಹಾಕಿದ್ದ ಸೀರೆ ತೆಗೆದು ಗಂಟು ಕಟ್ಟುತ್ತಿದ್ದಳು.

ಆಗ ಒಬ್ಬ ಹೆಂಗಸು ಬಾಗಿಲಿಗೆ ಬಂದಳು. ಹೆಗಲ ಚೀಲದಲ್ಲಿ ಉಳಿ, ಸುತ್ತಿಗೆ. ಸವೆದ ಬೀಸುಕಲ್ಲನ್ನು ಕುಟ್ಟಿ ಮತ್ತೆ ಒರಟು ಮಾಡಿಕೊಡುವುದು ಅವಳ ಕಸುಬು.

"ಯಕ್ಕಾ, ಸಂತಿಗೆ ಹೊಂಟಿದ್ದೆ. ದಾರಿ ಎಲ್ಲೋ ಕೈ ಕೊಡ್ತು. ಯಾವ ಕಡಿಗೆ ಹೋಗಬೇಕ್ರಿ?"

ಅತ್ತೆ ದಾರಿ ಹೇಳಿದಳು, ಕೂರಿಸಿ ನೀರು ಕೊಟ್ಟಳು. ನೀರು ಕುಡಿದ ಹೆಂಗಸು ಅಭ್ಯಾಸಬಲದಿಂದ ಪಡಸಾಲೆಯ ಬೀಸುಕಲ್ಲಿನ ಮೇಲಿನ ಹೋಳನ್ನು ಎತ್ತಿ, ಒಳಮೈಗೆ ಅಂಗೈ ಆಡಿಸಿದಳು. ನಕ್ಕಳು.

"ಕನ್ನಡಿ ಆಗೇತ್ರಿ ಯಕ್ಕಾ! ಇದರಾಗ ಮುಖ ನೋಡ್ಕೋಬಹುದು, ಜ್ವಾಳ ಬೀಸಾಕ ಬರಂಗಿಲ್ಲ. ಯಾವ ಪುಣ್ಯಾತ್ಗಿತ್ತಿ ಬೀಸತಾಳ್ರಿ ಇದರಾಗ? ಭೀಮನ ತಂಗೀನ ಇರಬೇಕು. ಹೊರಗ ತರ್ರಿ, ಕುಟ್ಟಿ ಕೊಟ್ಟು ಹೋಗತೀನಿ."

ಅತ್ತೆ ಕಲ್ಲಿನ ಮೇಲೆ ಕೈಯಿಟ್ಟಳು. ತಣ್ಣಗೆ, ನುಣ್ಣಗೆ ಇತ್ತು. ತನ್ನ ತೋಳು ಸೋತದ್ದು ವಯಸ್ಸಿಗಲ್ಲ ಎಂಬುದು ಮೊದಲು ಹೊಳೆಯಿತು. ಅದರ ಬೆನ್ನಿಗೇ ತವರಿಗೆ ಹೋದವಳ ಮಾತು ನೆನಪಾಯಿತು. ಹೊರಗೆ ಮಗ ಎತ್ತಿನ ಹೆಗಲಿಗೆ ನೊಗ ಇಡುತ್ತಿದ್ದ. ಒಂದು ಮಾತು ಕೂಗಿದ್ದರೆ ಗಾಡಿ ನಿಲ್ಲುತ್ತಿತ್ತು.

ಅವಳು ಒಳಗೆ ಹೋಗಿ, ಮೊರದ ತುಂಬ ಜೋಳ ತಂದು ಆ ಹೆಂಗಸಿನ ಸೆರಗಿಗೆ ಸುರಿದಳು.

"ಕುಟ್ಟೂದು ಬ್ಯಾಡ. ಇದನ್ನ ತಗೊಂಡು ಹೋಗು. ಓಣ್ಯಾಗ ಯಾರ ಮುಂದೂ ಈ ಮಾತು ಆಡಬ್ಯಾಡ."

"ಮಾಡದ ಕೆಲಸಕ್ಕ ಕೂಲಿ! ಇಷ್ಟು ದೇಶ ತಿರುಗೀನಿ, ಇದನ್ನ ಎಲ್ಲೂ ಕಂಡಿಲ್ಲ ನೋಡ್ರಿ" ಎನ್ನುತ್ತ ಹೆಂಗಸು ಸೆರಗು ಕಟ್ಟಿಕೊಂಡು ಹೊರಟಳು. ಸ್ವಲ್ಪ ಹೊತ್ತಿಗೆ ಗಾಡಿಯೂ ಹೊರಟಿತು. ಸೊಸೆ ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ಹಿಂದಕ್ಕೆ ಮುಖ ಮಾಡಿ ಕೂತಿದ್ದಳು.

ಮರುದಿನದಿಂದ ಅತ್ತೆಯೇ ಬೀಸಲು ಕೂತಳು. ಸಾಯುವವರೆಗೂ ಅದೇ ಕಲ್ಲಿನಲ್ಲಿ, ಬಿಸಿಲೇರುವ ತನಕ ಬೀಸಿದಳು.

ಅವ್ವ ಇಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

"ಗೊತ್ತಾದ ಮೇಲೂ ಯಾಕೆ ಕುಟ್ಟಿಸಲಿಲ್ಲ, ಅವ್ವಾ? ಅವಳ ತೋಳಿಗಾದರೂ ಹಗುರಾಗುತ್ತಿತ್ತಲ್ಲ?"

"ಹಿಟ್ಟು ಸಣ್ಣಗೆ ಬಿದ್ದ ದಿನ, ಹಾಗಾದರೆ ಆ ಹುಡುಗಿಯರನ್ನು ಕಳಿಸಿದ್ದೇಕೆ ಎಂದು ಮಗ ಕೇಳುತ್ತಿದ್ದನಲ್ಲಪ್ಪ" ಎಂದರು ಅವ್ವ.