ಅಜ್ಜಿಮಡುವಿನ ಮೂರು ಬಡಿತ

ಬೆತ್ತದ ಹೊಳೆ ಕಾಡಿನುದ್ದಕ್ಕೂ ಮಾತಾಡುತ್ತಲೇ ಹರಿಯುತ್ತದೆ, ಮಕ್ಕಳೇ. ಕಲ್ಲು ಸಿಕ್ಕರೆ ಕಲ್ಲಿನ ಜೊತೆ, ಬೇರು ಸಿಕ್ಕರೆ ಬೇರಿನ ಜೊತೆ, ಯಾರೂ ಸಿಗದಿದ್ದರೆ ತನ್ನಷ್ಟಕ್ಕೆ ತಾನೇ. ಆದರೆ ಬಿದಿರುಮೆಳೆಗಳು ಎರಡೂ ದಡದಿಂದ ಬಾಗಿ ತಲೆ ತಾಗಿಸಿಕೊಂಡಿರುವ ಒಂದು ತಿರುವಿದೆ. ಅಲ್ಲಿಗೆ ಬಂದ ಕೂಡಲೇ ಹೊಳೆ ಬಾಯಿ ಮುಚ್ಚಿಕೊಳ್ಳುತ್ತದೆ. ನೀರು ಕಪ್ಪಗೆ, ಆಳವಾಗಿ, ಸದ್ದಿಲ್ಲದೆ ಸುತ್ತುತ್ತದೆ. ಅದಕ್ಕೆ ಅಜ್ಜಿಮಡು ಎಂದು ಹೆಸರು.

ಅಜ್ಜಿ ಎಂದರೆ ಕಾಳಜ್ಜಿ ಎಂಬ ಮುದಿ ಆಮೆ. ಮಡುವಿನ ತಳದಲ್ಲಿ ಒಂದು ದೊಡ್ಡ ಬಂಡೆ, ಬಂಡೆಯೊಳಗೆ ಒಂದು ಗವಿ. ಅದೇ ಅವಳ ಮನೆ.

ಹೊಳೆ ದಾಟಿಸುವ ಹರಿಗೋಲು ಇದ್ದದ್ದೂ ಅಲ್ಲೇ. ಬಿದಿರುಬುಟ್ಟಿಯಂಥ ದುಂಡನೆಯ ದೋಣಿ ಅದು. ಅದನ್ನು ನೀರಿಗಿಳಿಸುವ ಮುಂಚೆ ಅಂಬಿಗ ಹುಟ್ಟಿನ ಹಿಡಿಯಿಂದ ದಡದ ಕಲ್ಲಿಗೆ ಮೂರು ಸಲ ಬಡಿಯಬೇಕು. ಟಕ್, ಟಕ್, ಟಕ್. ಆಗ ಕೆಳಗಿನಿಂದ ಕಾಳಜ್ಜಿ ತನ್ನ ಚಿಪ್ಪನ್ನು ಬಂಡೆಗೆ ಬಡಿದು ಉತ್ತರ ಕೊಡುತ್ತಿದ್ದಳು. ಟಕ್, ಟಕ್, ಟಕ್. "ನೀರು ಚೆನ್ನಾಗಿದೆ, ಬನ್ನಿ" ಎಂದು ಅದರ ಅರ್ಥ. ಉತ್ತರ ಬರಲಿಲ್ಲವೋ, ಬರುವತನಕ ಹರಿಗೋಲು ಇಳಿಯುವಂತಿಲ್ಲ. ಹತ್ತಿದವರೆಲ್ಲ ಒಣಗಿದ ಸೋರೆಬುರುಡೆಯನ್ನು ಸೊಂಟಕ್ಕೆ ಕಟ್ಟಿಕೊಳ್ಳಬೇಕು, ನೀರಿಗೆ ಬಿದ್ದರೆ ಅದು ತೇಲಿಸುತ್ತದೆ. ನಡುನೀರಿನಲ್ಲಿ ಯಾರೂ ಎದ್ದು ನಿಲ್ಲಬಾರದು.

ಹಳೆಯ ಅಂಬಿಗ ಒಬ್ಬ ಮುಸುವ, ಕಪ್ಪು ಮೋರೆಯ ಉದ್ದ ಬಾಲದ ಕೋತಿ. ಈ ಪದ್ಧತಿಯನ್ನು ಅವನು ಸಾಯುವತನಕ ನಡೆಸಿದ. ಪಟ್ಟಣದಿಂದ ಬಂದು ಮರಳದಿಣ್ಣೆಯ ಮೇಲೆ ಉಂಡು, ಕುಣಿದು ಹೋದವರು ಬಿಟ್ಟ ಪ್ಲಾಸ್ಟಿಕ್ ಚೀಲ, ಹಗ್ಗ, ಹರಿದ ಬಲೆಗಳನ್ನೆಲ್ಲ ಆಯ್ದು ದೂರದ ಗುಂಡಿಗೆ ಹೊತ್ತು ಹಾಕುತ್ತಿದ್ದವನೂ ಅವನೇ. ಅವನು ಕಾಲವಾದ ಮೇಲೆ ಹುಟ್ಟು ಹಿಡಿದವನು ಅವನ ತಂಗಿಯ ಮಗ ದ್ಯಾವಣ್ಣ.

ದ್ಯಾವಣ್ಣನ ತೋಳಿನಲ್ಲಿ ಕಸುವಿತ್ತು. ಬಾಯಲ್ಲಿ ಮಾತ್ರ ಒಂದೇ ಮಾತು. "ಏನಾಗುತ್ತೆ ಬಿಡಿ!"

"ದ್ಯಾವಣ್ಣ, ನನ್ನ ಸೋರೆಬುರುಡೆಯ ದಾರ ಹರಿದಿದೆ."

"ಏನಾಗುತ್ತೆ ಬಿಡಿ, ಇಷ್ಟಗಲದ ಹೊಳೆ."

"ಅಣ್ಣ, ನೀನೇ ಬುರುಡೆ ಕಟ್ಟಿಕೊಂಡಿಲ್ಲವಲ್ಲ?"

"ಅದೆಲ್ಲ ಮರಿಗಳಿಗೆ! ನಾನೇನು ಮರಿಯಾ?"

ಕಸದ ವಿಚಾರದಲ್ಲೂ ಅಷ್ಟೆ. ಗುಂಡಿ ಇರುವುದು ಅಷ್ಟು ದೂರ, ಮಡು ಇರುವುದು ಕಾಲಬುಡದಲ್ಲಿ. ಅವನು ಕಸವನ್ನೆಲ್ಲ ಗೋಣಿಗೆ ತುಂಬಿದ, ಒಂದು ಕಲ್ಲು ಸೇರಿಸಿದ, ನೀಲಿ ಹಗ್ಗ ಸುತ್ತಿ ಎರಡು ಕಿವಿಯ ತನ್ನ ಮಾಮೂಲಿ ಗಂಟು ಹಾಕಿದ, ಮಡುವಿಗೆ ನೂಕಿದ. ಒಂದು ಗುಳ್ಳೆ ಮೇಲೆ ಬಂತು. ಅಷ್ಟೆ.

"ನೋಡಿದೆಯಾ ಸಿದ್ದಕ್ಕ? ಎಷ್ಟು ಚೆನ್ನಾಗಿ ನುಂಗಿಬಿಟ್ಟಿತು!" ಎಂದು ಬೀಗಿದ.

ಸಿದ್ದಕ್ಕ ಎಂದರೆ ಸಂತೆಗೆ ಗೆಡ್ಡೆ ಗೆಣಸು ಹೊತ್ತೊಯ್ಯುವ ಮುಳ್ಳುಹಂದಿ. ಮುಳ್ಳಿನಂತೆಯೇ ಮಾತೂ ಚೂಪು. "ನುಂಗಿದ್ದೆಲ್ಲ ಅರಗುತ್ತೆ ಅಂತ ನಿನಗೆ ಯಾರು ಹೇಳಿದರೋ?" ಎಂದಳು.

ದ್ಯಾವಣ್ಣ ನಕ್ಕ. ಹತ್ತು ಗೋಣಿ ಹೋಯಿತು, ಇಪ್ಪತ್ತು ಹೋಯಿತು. ಮಡು ಎಲ್ಲವನ್ನೂ ನುಂಗಿತು.

ಒಂದು ಬೆಳಗ್ಗೆ ಅವನು ಕಲ್ಲಿಗೆ ಮೂರು ಸಲ ಬಡಿದಾಗ ಉತ್ತರ ಬರಲಿಲ್ಲ. ಮತ್ತೆ ಬಡಿದ. ನೀರು ಸುಮ್ಮನೆ ಸುತ್ತುತ್ತಿತ್ತು. ದಡದಲ್ಲಿ ಸಂತೆಗೆ ಹೊರಟವರು ಕಾಯುತ್ತಿದ್ದರು. "ಮುದುಕಿ ಮೇಲಿನ ಹೊಳೆಗೆ ಹೋಗಿರಬೇಕು, ಹತ್ತಿ ಹತ್ತಿ" ಎಂದ. ಏನೂ ಆಗಲಿಲ್ಲ. ಮರುದಿನದಿಂದ ಅವನು ಬಡಿಯುವುದನ್ನೇ ಬಿಟ್ಟ.

ಅವನು ಬಡಿಯುವುದನ್ನು ಬಿಟ್ಟ ಮೇಲೆ, ಮಕ್ಕಳೇ, ಮಡು ಬಡಿಯತೊಡಗಿತು.

ಟಕ್, ಟಕ್, ಟಕ್.

ಹರಿಗೋಲು ಸರಿಯಾಗಿ ಮಡುವಿನ ನಡುವೆ ಬಂದಾಗ, ಯಾರೂ ಏನೂ ಕೇಳದಿರುವಾಗ, ಕೆಳಗಿನಿಂದ ಆ ಸದ್ದು ಬರುತ್ತಿತ್ತು. ಮೊದಲ ದಿನ ದ್ಯಾವಣ್ಣ ಯಾರೋ ಕಾಲು ಬಡಿಯುತ್ತಿದ್ದಾರೆ ಎಂದುಕೊಂಡ. ಎರಡನೆಯ ದಿನ ಹರಿಗೋಲಿನಲ್ಲಿ ಅವನೊಬ್ಬನೇ ಇದ್ದ. ಸದ್ದು ಅವನ ಅಂಗಾಲಿಗೇ ತಾಕಿದಂತಾಯಿತು. ಬಗ್ಗಿ ನೋಡಿದರೆ ಆಳದಲ್ಲಿ ಬಿಳಿಯದೇನೋ ಕಂಡಿತು. ಐದು ಬೆರಳಿನ ಕೈಯಂತೆ ಅದು ಮೆಲ್ಲಗೆ ಬೀಸುತ್ತಿತ್ತು, "ಬಾ, ಬಾ" ಎಂದು ಕರೆದ ಹಾಗೆ.

ಅವನ ಮೈಯ ಕೂದಲೆಲ್ಲ ನೆಟ್ಟಗಾಯಿತು. ದಡ ಸೇರಿದವನೇ ಮರ ಹತ್ತಿ ಕೂತ.

"ಮಡುವಿಗೆ ಏನೋ ಸೇರಿಕೊಂಡಿದೆ" ಎಂದು ಸಂಜೆಯೊಳಗೆ ಕಾಡಿಗೆಲ್ಲ ಸುದ್ದಿಯಾಯಿತು. "ಹಸಿದಿದೆ, ಅದಕ್ಕೇ ಬಾಗಿಲು ಬಡಿಯುತ್ತಿದೆ" ಎಂದು ಒಬ್ಬರು. "ಏನಾದರೂ ಕೊಟ್ಟು ಕಳಿಸೋಣ" ಎಂದು ಇನ್ನೊಬ್ಬರು. ಅಂದಿನಿಂದ ದಾಟುವವರೆಲ್ಲ ಹರಕೆಯ ಗಂಟು ತಂದರು. ಅರಿಶಿನದ ಬಟ್ಟೆಯಲ್ಲಿ ಕಾಯಿ, ಅಕ್ಕಿ, ಹೂವಿನ ಜೊತೆ ಮುಳುಗಲೆಂದು ಒಂದು ಕಲ್ಲೂ ಕಟ್ಟಿ ಮಡುವಿಗೆ ಹಾಕಿ ಕೈ ಮುಗಿದರು. ಗಂಟು ಕಟ್ಟಿಕೊಟ್ಟವನು ದ್ಯಾವಣ್ಣನೇ. ಅದೇ ನೀಲಿ ಹಗ್ಗ, ಅದೇ ಎರಡು ಕಿವಿಯ ಗಂಟು.

ಆಶ್ಚರ್ಯವೆಂದರೆ ಹರಕೆ ಕೆಲಸ ಮಾಡಿತು. ದಿನದಿಂದ ದಿನಕ್ಕೆ ಬಡಿತ ಸಣ್ಣದಾಯಿತು. ಮೂರು ಹೋಗಿ ಎರಡಾಯಿತು. ಎರಡು ಹೋಗಿ ಒಂದಾಯಿತು.

"ನೋಡಿದಿರಾ, ತೃಪ್ತಿಯಾಗುತ್ತಾ ಬಂತು" ಎಂದ ದ್ಯಾವಣ್ಣ.

ಸಿದ್ದಕ್ಕನೊಬ್ಬಳು ಗಂಟು ಹಾಕಲಿಲ್ಲ. ಅವಳು ನೀರನ್ನೇ ದಿಟ್ಟಿಸುತ್ತಾ, "ಹೊಟ್ಟೆ ತುಂಬಿದವರು ಹಿಂಗೆ ಬಡಿಯಲ್ಲ ಕಣೋ. ಸೋತವರು ಬಡಿಯೋ ಹಾಗಿದೆ" ಎಂದಳು. "ಕಾಳಜ್ಜಿ ಮೇಲಿನ ಹೊಳೆಗೆ ಹೋದದ್ದನ್ನ ನೀನು ಕಣ್ಣಾರೆ ಕಂಡೆಯಾ?"

ದ್ಯಾವಣ್ಣ ಮುಂದಿನ ಗಂಟಿಗೆ ಹಗ್ಗ ಸುತ್ತತೊಡಗಿದ. ಅವನು ಕಂಡಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದ್ದ.

ಮುಂದಿನ ಸಂತೆಯ ಬೆಳಗ್ಗೆ ಹೊಳೆಯ ಮೇಲೆ ಮಂಜು ಕವಿದು ಎದುರು ದಡವೇ ಕಾಣುತ್ತಿರಲಿಲ್ಲ. ಹರಿಗೋಲಿಗೆ ಸಿದ್ದಕ್ಕ ಹತ್ತಿದಳು, ತನ್ನ ಸೋರೆಬುರುಡೆಯನ್ನು ಮುಳ್ಳು ತಾಗದಂತೆ ಎದೆಗೆ ಕಟ್ಟಿಕೊಂಡು. ಚಿಕ್ಕತಾಯಿ ಎಂಬ ಮೊಲ ತನ್ನ ಎರಡು ಮರಿಗಳೊಂದಿಗೆ ಹತ್ತಿದಳು.

"ಅಣ್ಣ, ಈ ಮಂಜಿನಲ್ಲಿ ಹೋಗೋಣವಾ? ಮರಿಗಳಿಗೆ ಬುರುಡೆ ತಂದಿಲ್ಲ" ಎಂದಳು.

"ಏನಾಗುತ್ತೆ ಬಿಡಮ್ಮ" ಎಂದ ದ್ಯಾವಣ್ಣ. ಆದರೆ ಅವನ ದನಿ ಅವನಿಗೇ ಹಿಡಿಸಲಿಲ್ಲ. ಎರಡು ದಿನದಿಂದ ಬಡಿತವೇ ನಿಂತಿತ್ತು. ನೆಮ್ಮದಿಯಾಗಬೇಕಿತ್ತು, ಆಗಿರಲಿಲ್ಲ.

ನಡುಮಡುವಿಗೆ ಬಂದಾಗ ಹರಿಗೋಲು ನಿಂತುಬಿಟ್ಟಿತು.

ದ್ಯಾವಣ್ಣ ಹುಟ್ಟು ಹಾಕಿದ. ಕೆಳಗಿನಿಂದ ಯಾರೋ ಹುಟ್ಟನ್ನು ಹಿಡಿದುಕೊಂಡರು. ಎಳೆದ. ಅವರೂ ಎಳೆದರು. ಜೀವ ಬಾಯಿಗೆ ಬಂದು ಇನ್ನೊಮ್ಮೆ ಜೋರಾಗಿ ಎಳೆದಾಗ ಹುಟ್ಟು ಮೇಲೆ ಬಂತು. ಅದರ ತುದಿಗೆ ಆ ಬಿಳಿಯ ಕೈ ಸುತ್ತಿಕೊಂಡಿತ್ತು.

"ಅಯ್ಯೋ!" ಎಂದು ಅವನು ಎದ್ದು ನಿಂತ. ಹರಿಗೋಲು ವಾಲಿತು. ದ್ಯಾವಣ್ಣ ನೀರಿಗೆ ಬಿದ್ದ.

"ಕೂತ್ಕೊಳ್ಳಿ! ಯಾರೂ ಏಳಬೇಡಿ!" ಎಂದು ಸಿದ್ದಕ್ಕ ಕೂಗಿದ್ದು ಅವನ ಕಿವಿಗೆ ಬಿದ್ದ ಕೊನೆಯ ಮಾತು.

ಮೇಲಿನಿಂದ ಕಪ್ಪಗೆ ಕಾಣುವ ನೀರು ಒಳಗೆ ಮಂಕು ಹಸಿರಾಗಿತ್ತು. ದ್ಯಾವಣ್ಣ ಕಣ್ಣು ಬಿಟ್ಟ. ಅವನ ಸುತ್ತಲೂ ಜನ ನಿಂತಿದ್ದರು.

ಜನವಲ್ಲ, ಗೋಣಿಗಳು. ಕಲ್ಲಿನ ಭಾರಕ್ಕೆ ಬುಡ ಊರಿ, ಒಳಗಿನ ಖಾಲಿ ಬಾಟಲಿಗಳು ತೇಲಿಸಿದ್ದಕ್ಕೆ ತಲೆ ಮೇಲೆತ್ತಿ, ಸಾಲುಸಾಲಾಗಿ ನಿಂತು ತೂಗುತ್ತಿದ್ದವು. ನಡುನಡುವೆ ಅರಿಶಿನದ ಬಟ್ಟೆಗಳು. ಸೀಳಿಹೋದ ಬಿಳಿ ಪ್ಲಾಸ್ಟಿಕ್ ಚೀಲಗಳು ಬೆರಳಿನಂತೆ ಆಡುತ್ತಿದ್ದವು. ಒಂದಾದರೂ ಅರಗಿರಲಿಲ್ಲ. ಅವನ ಕಾಲಿಗೆ ನೀಲಿ ಹಗ್ಗ ಸುತ್ತಿಕೊಂಡಿತ್ತು. ಎರಡು ಕಿವಿಯ ಆ ಗಂಟನ್ನು ಅವನು ಕೂಡಲೇ ಗುರುತಿಸಿದ. ಬಿಗಿಯಾಗಿ ಹಾಕಿದ್ದ, ಬಿಚ್ಚಲಾಗಲಿಲ್ಲ.

ಕಾಲು ಝಾಡಿಸಿದ. ಹಗ್ಗದ ತುದಿಯಲ್ಲಿದ್ದ ಗೋಣಿ ಗವಿಯ ಬಾಯಿಂದ ಗೇಣಷ್ಟು ಜಾರಿತು. ಆ ಸಂದಿನಲ್ಲಿ ಒಂದು ಮುಖ ಕಾಣಿಸಿತು.

ಕಾಳಜ್ಜಿ. ಕಣ್ಣು ಗುಳಿಬಿದ್ದು, ಕತ್ತು ಕಡ್ಡಿಯಾಗಿತ್ತು. ಗವಿಯ ಮಾಡಿನಲ್ಲಿ ಸಿಕ್ಕಿಕೊಂಡಿದ್ದ ಒಂದಿಷ್ಟು ಗಾಳಿಯಲ್ಲಿ ಇಷ್ಟು ದಿನ ಜೀವ ಹಿಡಿದಿದ್ದಳು. ಅವಳು ಅವನನ್ನು ನೋಡಿದಳು. ಬಾಯಿ ತೆರೆದಳು. ಕಚ್ಚುತ್ತಾಳೆ, ಕಚ್ಚಲಿ, ಕಚ್ಚಬೇಕಾದದ್ದೇ ಎಂದುಕೊಂಡು ದ್ಯಾವಣ್ಣ ಕಣ್ಣು ಮುಚ್ಚಿದ.

ಕಟ್ ಎಂದಿತು. ತುಂಡಾದದ್ದು ಹಗ್ಗ.

ಅವನು ಮೇಲೆ ಬಂದಾಗ ಸಿದ್ದಕ್ಕ ತನ್ನ ಎದೆಯ ಬುರುಡೆಯನ್ನೇ ಬಿಚ್ಚಿ ಎಸೆದಳು. ದ್ಯಾವಣ್ಣ ಅದನ್ನು ತಬ್ಬಿಕೊಂಡು ಕೆಮ್ಮಿದ. ಮೊಲದ ಮರಿಗಳು ಹರಿಗೋಲಿನ ತಳಕ್ಕೆ ಅಂಟಿಕೊಂಡು ಕೂತಿದ್ದವು.

"ಹತ್ತು, ಬೇಗ ಹತ್ತು!" ಎಂದಳು ಚಿಕ್ಕತಾಯಿ.

"ಕೆಳಗಿದ್ದಾಳೆ" ಎಂದ ದ್ಯಾವಣ್ಣ.

"ಯಾರು?"

"ಕಾಳಜ್ಜಿ. ಬಡಿಯುತ್ತಿದ್ದದ್ದು ಅವಳು. ಅವಳ ಬಾಗಿಲನ್ನ ನಾನೇ ಮುಚ್ಚಿದೀನಿ."

ದ್ಯಾವಣ್ಣನಿಗೆ ಮತ್ತೆ ಆ ಗೋಣಿಗಳ ನಡುವೆ ಇಳಿಯುವುದೆಂದರೆ ಸಾವೇ ವಾಸಿ ಎನಿಸಿತು. ಆದರೂ ಬುರುಡೆಯ ದಾರವನ್ನು ಸೊಂಟಕ್ಕೆ ಕಟ್ಟಿಕೊಂಡ, ಹರಿಗೋಲಿನ ಉದ್ದನೆಯ ಹಗ್ಗವನ್ನು ಹಿಡಿದುಕೊಂಡ. ಅದರ ಇನ್ನೊಂದು ತುದಿಯನ್ನು ಸಿದ್ದಕ್ಕನ ಕೈಗೆ ಕೊಟ್ಟು, "ನಾನು ಜಗ್ಗಿದರೆ ಎಳಿ ಅಕ್ಕ" ಎಂದ. ಬುರುಡೆ ಮೇಲಕ್ಕೆ ಎಳೆಯುತ್ತಿದ್ದರೂ ಹುಟ್ಟನ್ನು ಊರಿ, ಗೋಣಿಗಳನ್ನು ಹಿಡಿದು ಹಿಡಿದು ಇಳಿದ. ಮೊದಲ ಸಲ ಒಂದು ಗೋಣಿ ಬಂತು. ಎರಡನೆಯ ಸಲ ಹರಿದ ಬಲೆ. ಮೂರನೆಯ ಸಲ ಅರಿಶಿನದ ಗಂಟುಗಳ ಗೊಂಚಲು. ಅದರ ಹಿಂದೆಯೇ, ಒಣ ಎಲೆ ತೇಲಿದಂತೆ, ಕಾಳಜ್ಜಿ ಮೇಲೆ ಬಂದಳು.

ಮರಳದಿಣ್ಣೆಯ ಬಿಸಿಲಿನಲ್ಲಿ ಅವಳನ್ನು ಮಲಗಿಸಿದರು. ಎಷ್ಟೋ ಹೊತ್ತಿನ ಮೇಲೆ ಅವಳು ಕಣ್ಣು ತೆರೆದಳು. ಇಡೀ ಕಾಡು ಸುತ್ತ ನಿಂತಿತ್ತು.

"ಅಜ್ಜಿ, ತಪ್ಪಾಯಿತು" ಎಂದ ದ್ಯಾವಣ್ಣ. ಅವನ ಹಲ್ಲು ಕಟಕಟ ಎನ್ನುತ್ತಿತ್ತು.

"ಗೋಣಿಗಳ ಮರೆಯಲ್ಲಿ ನಿನ್ನ ಬಡಿತ ಕೇಳಿಸಲಿಲ್ಲ. ಹುಟ್ಟಿನ ಸದ್ದು ತಲೆಯ ಮೇಲೆ ಬಂದಾಗ, ಬಾಗಿಲು ತೆಗೀರಿ ಅಂತ ಬಡಿದೆನಪ್ಪಾ" ಎಂದಳು ಕಾಳಜ್ಜಿ, ಕೇಳಿಸಿಯೂ ಕೇಳಿಸದ ದನಿಯಲ್ಲಿ. "ನಾನು ಬಡಿದಾಗಲೆಲ್ಲ ನೀವು ಇನ್ನೊಂದು ಗಂಟು ಹಾಕಿದಿರಿ."

ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಹರಕೆ ಹಾಕಿದವರೆಲ್ಲ ಅಲ್ಲೇ ಇದ್ದರು.

ಮಡು ತೊಳೆಯಲು ಹದಿಮೂರು ದಿನ ಹಿಡಿಯಿತು. ನೀರುನಾಯಿಗಳು ಮುಳುಗಿ ಎತ್ತಿದವು, ಕಾಡುಕೋಣಗಳು ಎಳೆದವು, ದ್ಯಾವಣ್ಣ ಒಂದೊಂದೇ ಗೋಣಿಯನ್ನು ಬೆನ್ನ ಮೇಲೆ ದೂರದ ಗುಂಡಿಗೆ ಹೊತ್ತ. ಪ್ರತಿ ಗಂಟನ್ನೂ ತಾನೇ ಬಿಚ್ಚಬೇಕಾಗಿ ಬಂದು ಅವನ ಉಗುರೆಲ್ಲ ಸವೆದವು. ಕಾಳಜ್ಜಿ ಚೇತರಿಸಿಕೊಂಡು ತನ್ನ ಗವಿಗೆ ಮರಳಿದಳು.

ಮತ್ತೆ ಹರಿಗೋಲು ಹೊರಡುವ ಮೊದಲ ಬೆಳಗ್ಗೆಯೂ ಮಂಜಿತ್ತು. ದ್ಯಾವಣ್ಣ ಒಬ್ಬೊಬ್ಬರ ಸೊಂಟದ ಬುರುಡೆಯನ್ನೂ ಎಳೆದು ನೋಡಿದ. ಆಮೇಲೆ ಕಲ್ಲಿಗೆ ಬಡಿದ. ಟಕ್, ಟಕ್, ಟಕ್.

ಉತ್ತರ ಬರಲಿಲ್ಲ.

ಕಾದರು. ಬಿದಿರಿನಿಂದ ಹನಿ ತೊಟ್ಟಿಕ್ಕುವುದು ಬಿಟ್ಟರೆ ಬೇರೆ ಸದ್ದಿಲ್ಲ. ಹರಿಗೋಲಿನಿಂದ ಮೊಲದ ಮರಿಯೊಂದು, "ಏನಾಗುತ್ತೆ ಬಿಡು ಮಾಮ, ಹೋಗೋಣ" ಎಂದಿತು.

ತನ್ನದೇ ಮಾತು ಆ ಪುಟ್ಟ ಬಾಯಿಂದ ಬಂದದ್ದು ಕೇಳಿ ದ್ಯಾವಣ್ಣನ ಬೆನ್ನು ತಣ್ಣಗಾಯಿತು. ಹುಟ್ಟನ್ನು ಕೆಳಗಿಟ್ಟ. ಹರಿಗೋಲನ್ನು ಬೇರಿಗೆ ಕಟ್ಟಿದ. ಕಲ್ಲಿನ ಮೇಲೆ ಮೊಣಕಾಲೂರಿ ಕಿವಿಯನ್ನು ನೀರಿನ ಹತ್ತಿರ ತಂದು ಕಾದ. ಮಂಜು ಕರಗಿ ಎದುರು ದಡ ಕಾಣುವತನಕ ಹಾಗೇ ಕಾದ.

ಆಗ ಬಂತು, ಬಲು ಆಳದಿಂದ.

ಟಕ್. ಟಕ್. ಟಕ್.

"ಹೂಂ ಅಜ್ಜಿ, ಕೇಳಿಸಿತು" ಎಂದ ದ್ಯಾವಣ್ಣ. ತನ್ನ ಸೊಂಟಕ್ಕೂ ಒಂದು ಬುರುಡೆ ಕಟ್ಟಿಕೊಂಡು ಹುಟ್ಟು ಹಿಡಿದ.

ನೀತಿ: ಹೊಳೆಗೆ ಎಸೆದದ್ದು ಕಣ್ಣಿಗೆ ಮರೆಯಾಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ, ನೀರನ್ನು ಚೊಕ್ಕಟವಾಗಿಟ್ಟು, ಅದರ ಎಚ್ಚರಿಕೆಗೆ ಕಿವಿಗೊಟ್ಟು ಇಳಿದವರೇ ಕ್ಷೇಮವಾಗಿ ದಾಟುತ್ತಾರೆ.